ಪೆನ್ನು ಹೇಗೆ ಸೆಕ್ಷನ್ ಆಯ್ತು

ಕೋರ್ಟಿನ ಕಾಗದಪತ್ರ ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡೋದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಒಂದು ಹಳೇ ಎಫ್‌ಐಆರ್ ಅನುವಾದ ಮಾಡಿ ತಂದ್ಲು, ನೋಡಿದ್ರೆ "ಕಲಂ 323, 504, 506 ಐಪಿಸಿ" ಅಂತಿದ್ದಿದ್ದೆಲ್ಲಾ ಇಂಗ್ಲಿಷಲ್ಲಿ "ಸೆಕ್ಷನ್" ಆಗೋ ಬದ್ಲು "ಕಾಲಂ" ಆಗಿಬಿಟ್ಟಿದೆ. ನಗು ಬಂತು, ಆದ್ರೂ ಅವಳನ್ನ ಬೈಯೋಕಾಗಲ್ಲ, ಫಾರಂನಲ್ಲಿ ಗೆರೆ ಎಳೆದಿರೋ ಕಾಲಮ್ಮಿಗೂ ಎಷ್ಟೋ ಜನ ಕಲಂ ಅಂತಾನೇ ಬರೀತಾರೆ. ಆ ಕಾಲಂ ಲ್ಯಾಟಿನ್ನಿನ ಕೊಲುಮ್ನ, ಅಂದ್ರೆ ಕಂಬ. ಬೇರೆ ಮನೆತನದ್ದು.

ನಮ್ಮ ಎಫ್‌ಐಆರ್ ಕಲಂ ಇದ್ಯಲ್ಲ, ಅದರ ಮೂಲ ಗ್ರೀಕಿನ ಕಾಲಮೋಸ್, ಜೊಂಡು ಅಂತ ಅರ್ಥ. ಜೊಂಡಿನ ಕಡ್ಡಿ ತುದೀನ ಓರೆಯಾಗಿ ಕುಯ್ದು ಮಧ್ಯೆ ಸಣ್ಣಗೆ ಸೀಳಿ ಮಸಿಗೆ ಅದ್ದಿದ್ರೆ ಅದೇ ಲೇಖನಿ. ಅರಬ್ಬಿಯಲ್ಲಿ ಅದು ಕಲಮ್ ಆಯ್ತು (ಕುರಾನಿನ 68ನೇ ಅಧ್ಯಾಯದ ಹೆಸರೇ ಅದು), ಅಲ್ಲಿಂದ ಪಾರ್ಸಿ, ಉರ್ದು, ಹಿಂದಿ, ಮರಾಠಿಗೂ ಹೋಯ್ತು, ಟರ್ಕಿಶಲ್ಲಿ ಕಲೆಮ್, ಸ್ವಾಹಿಲಿಯಲ್ಲಿ ಕಲಾಮು. ಲ್ಯಾಟಿನ್ ಕಡೆ ಹೋದ ಕವಲಿನಿಂದಲೇ ಇಟಾಲಿಯನ್ನಿನ ಮಸಿಕುಡಿಕೆಗೂ ಹೆಸರು ಬಂತು, ಸ್ಕ್ವಿಡ್ ಅನ್ನೋ ಕಡಲಜೀವಿಗೆ ಕಲಮಾರಿ ಅನ್ನೋ ಹೆಸರೂ ಬಂತು. ಹೊಟ್ಟೆಯಲ್ಲಿ ಮಸಿ, ಬೆನ್ನೊಳಗೆ ಪೆನ್ನಿನ ಥರದ ತೆಳು ಕಡ್ಡಿ, ಇನ್ನೇನು ಬೇಕು ಹೇಳಿ!

ಹಿಂದಿ ಮರಾಠಿಯಲ್ಲಿ ಗಿಡದ ಕಸಿಗೂ ಕಲಮ್ ಅಂತಾರೆ, ಅಲ್ಲೂ ಅದೇ ಕಡ್ಡಿ ಕುಯ್ಯೋ ಕೆಲಸ ನೋಡಿ.

ಸರಿ, ಪೆನ್ನು ಸೆಕ್ಷನ್ ಆಗಿದ್ದು ಹೆಂಗೆ? ನನಗನ್ಸೋದು ಪಾರ್ಸಿಯಲ್ಲಿ ಸುಳಿವಿದೆ ಅಂತ. ಅಲ್ಲಿ ಪಟ್ಟಿಯಲ್ಲಿರೋ ಸಾಮಾನು ಎಣಿಸುವಾಗ ಇಷ್ಟು ಕಲಮ್ ಅಂತಾರೆ, ನಾವು ಇಷ್ಟು ಐಟಂ ಅಂದಹಾಗೆ. ಪೆನ್ನಿಂದ ಬರೆದ ಒಂದೊಂದು ನಮೂದೂ ಒಂದು ಕಲಮ್, ಆಮೇಲೆ ಕಾಯ್ದೆಯಲ್ಲಿ ನಂಬರ್ ಹಾಕಿದ ಒಂದೊಂದು ಭಾಗಕ್ಕೂ ಅದೇ ಹೆಸರು ಹತ್ತಿರೋದು ಸಹಜ. ಮರಾಠಿಯಲ್ಲೂ ಸೆಕ್ಷನ್‌ಗೆ ಕಲಮ್ ಅಂತಾನೇ ಅನ್ನೋದು. ಕಾಯ್ದೆ ಪುಸ್ತಕದ ಶಿಷ್ಟ ಕನ್ನಡದಲ್ಲಿ "ಪ್ರಕರಣ" ಅಂತಿದೆ, ಆದ್ರೆ ಪ್ರಕರಣ ಅಂದ್ರೆ ಕೇಸು ಅಂತಾನೂ ಆಗುತ್ತಲ್ಲ, "ಈ ಪ್ರಕರಣದಲ್ಲಿ ಪ್ರಕರಣ 323" ಅಂತ ಬರೆದು ನೋಡಿ ತಲೆ ಕೆಡುತ್ತೆ. ನಾನಂತೂ ಕಲಂ ಪಾರ್ಟಿ.

ಇಷ್ಟೆಲ್ಲಾ ಕೇಳಿಸ್ಕೊಂಡು ಹುಡುಗಿ, "ಹಾಗಾದ್ರೆ ಅಬುಲ್ ಕಲಾಂ ಆಜಾದ್ ಅಂದ್ರೆ ಪೆನ್ನಿನವರಾ ಸಾರ್?" ಅಂದ್ಲು. ಅಲ್ಲಮ್ಮ, ಅರಬ್ಬಿಯಲ್ಲಿ ಆ ಕಕಾರ ಬೇರೆ, ಈ ಕಕಾರ ಬೇರೆ. ಕಲಾಂ ಅಂದ್ರೆ ಮಾತು.