ಬಂದೂಕಿಗೆ ಬಣ್ಣ, ಪೆಟ್ಟಿಗೆಯೊಳಗೆ ಅದೃಷ್ಟ: ಶೂಟಿಂಗ್ ಆಟಗಳ ಬಹುಮಾನದ ಜಗಳ ಬೆಳೆದ ಬಗೆ

"ಗ್ಲೇಸಿಯರ್ ಉಂಟಾ ನಿನ್ನತ್ರ?"

ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡುವ ಹುಡುಗರ ನಡುವೆ ಈ ಪ್ರಶ್ನೆಗೆ ತೂಕ ಜಾಸ್ತಿ. ಗ್ಲೇಸಿಯರ್ ಅಂದರೆ ಬಿಜಿಎಂಐ (ಪಬ್ಜಿ ಮೊಬೈಲ್‌ನ ಭಾರತದ ಆವೃತ್ತಿ) ಆಟದಲ್ಲಿ ಎಂ416 ಬಂದೂಕಿಗೆ ಹಾಕುವ, ಹಿಮದ ಬಣ್ಣದ ಒಂದು ಸ್ಕಿನ್. ಕ್ಲಾಸಿಕ್ ಕ್ರೇಟ್ ಎಂಬ ಪೆಟ್ಟಿಗೆ ತೆರೆದಾಗ ಅದೃಷ್ಟ ಇದ್ದವರಿಗೆ ಸಿಗುತ್ತದೆ. ಉಳಿದವರಿಗೆ ಯಾವುದೋ ಅಂಗಿ, ಟೋಪಿ, ಇನ್ನೇನೋ. ಮಾಟುಂಗದ ಕಡೆ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿ ಶುರುವಾಗುವ ಮುಂಚೆ ಒಂದಿಷ್ಟು ಬಿಡುವು ಸಿಗುತ್ತದೆ. ಆ ಹೊತ್ತಿಗೆ ಮಾಳಿಗೆಯ ರೂಮಿನಲ್ಲಿ ಬೈಂದೂರು, ಕುಂದಾಪುರದ ಹುಡುಗರು ಸ್ಕ್ವಾಡ್ ಕಟ್ಟಿ ಕೂತಿರುತ್ತಾರೆ. ಅವರ ವಾದ ಕೇಳಬೇಕು. "ಸ್ಕಿನ್ ಹಾಕಿದ್ರೆ ಗುಂಡು ಜೋರು ಹೋಗ್ತದಾ ಮಾರಾಯ?" ಅಂತ ಒಬ್ಬ. "ರಿಕಾಯ್ಲ್ ಕಮ್ಮಿ ಆತ್ತ್" ಅಂತ ಇನ್ನೊಬ್ಬ. ಅಂದರೆ, ಹೊಡೆದಾಗ ಬಂದೂಕು ಅದುರುವುದು ಕಮ್ಮಿಯಾಗುತ್ತದಂತೆ. ಹಾಗೇನೂ ಆಗುವುದಿಲ್ಲ. ಬಣ್ಣ ಬಣ್ಣವೇ. ಆದರೂ ಕ್ರೇಟ್‌ಗೆ ಸುರಿದ ದುಡ್ಡು ದಂಡ ಆಯ್ತು ಅಂತ ಒಪ್ಪಿಕೊಳ್ಳುವುದಕ್ಕಿಂತ ಹಾಗೆ ನಂಬುವುದು ಸುಲಭ ಅಲ್ವಾ?

ಈ ಆಟಗಳ ಬಗ್ಗೆ ಹೊರಗಿನವರು ಬರೆಯುವಾಗ ಎರಡೇ ಮಾತು: ಚಟ, ಹಿಂಸೆ. ಆಡುವವರ ದೂರು ಬೇರೆಯೇ. ದುಡ್ಡು ಕೇಳಿದರು ಅಂತ ಆಟಗಾರರು ಅಷ್ಟಾಗಿ ಸಿಟ್ಟಾಗುವುದಿಲ್ಲ. ಕೊಟ್ಟ ದುಡ್ಡಿಗೆ, ಕೊಟ್ಟ ಹೊತ್ತಿಗೆ ಏನು ಸಿಗುತ್ತದೆ ಅಂತ ಮುಚ್ಚಿಟ್ಟರೆ ಸಿಟ್ಟಾಗುತ್ತಾರೆ. ಕಳೆದ ಇಪ್ಪತ್ತೈದು ವರ್ಷಗಳ ದೊಡ್ಡ ಜಗಳಗಳನ್ನು ತೆಗೆದು ನೋಡಿದರೆ ಬಹುಪಾಲು ಕಡೆ ಇದೇ ಕಾಣುತ್ತದೆ.

ಕೌಂಟರ್-ಸ್ಟ್ರೈಕ್ ಹುಟ್ಟಿದ್ದು 1999ರಲ್ಲಿ, ಬೇರೊಂದು ಆಟದ ಮೇಲೆ ಆಟಗಾರರೇ ಕಟ್ಟಿದ ಮಾಡ್ (ಮಾರ್ಪಾಡು) ಆಗಿ. ಮರುವರ್ಷ ವಾಲ್ವ್ ಕಂಪನಿ ಅದನ್ನು ಅಂಗಡಿಗೆ ತಂದಿತು. ಡೊಂಬಿವಲಿ, ಮುಲುಂಡ್, ಠಾಣೆಯ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ನಮ್ಮ ಪ್ರಾಯದವರು ಆಡಿದ್ದು ಅದರ 1.6 ಆವೃತ್ತಿಯನ್ನು. ಅಲ್ಲಿ ಬಹುಮಾನ ಅಂದರೆ ಆಟದೊಳಗಿನ ಡಾಲರು. ಶುರುವಿಗೆ 800. ಒಬ್ಬನನ್ನು ಹೊಡೆದರೆ 300. ಎಡಬ್ಲ್ಯೂಪಿ ಸ್ನೈಪರ್ ಬೇಕೆಂದರೆ 4,750. ಎಷ್ಟೇ ಗೆದ್ದರೂ ಕೈಯಲ್ಲಿ 16,000ಕ್ಕಿಂತ ಜಾಸ್ತಿ ನಿಲ್ಲುತ್ತಿರಲಿಲ್ಲ. ಸೋತ ತಂಡಕ್ಕೂ ಒಂದಿಷ್ಟು ಸಿಗುತ್ತಿತ್ತು. ಹಾಗಾಗಿ ದುಡ್ಡಿಲ್ಲದ ರೌಂಡಿನಲ್ಲಿ ಐದೂ ಜನ ಬರೀ ಪಿಸ್ತೂಲು ಹಿಡಿದು, ಮುಂದಿನ ರೌಂಡಿಗೆ ಉಳಿಸಿಕೊಳ್ಳುತ್ತಿದ್ದರು. ಇದಕ್ಕೆ 'ಇಕೋ' ಅಂತ ಹೆಸರು. ಪಂದ್ಯ ಮುಗಿದರೆ ಲೆಕ್ಕವೂ ಮುಗಿಯಿತು. ಮರುದಿನ ಬಂದರೆ ಎಲ್ಲರದೂ ಮತ್ತೆ 800. ಎಡಬ್ಲ್ಯೂಪಿ ಹಿಡಿದವನನ್ನು ಬೈಯುತ್ತಿದ್ದೆವು, ಮೂಲೆಯಲ್ಲಿ ಅಡಗಿ ಕೂರುವ ಕ್ಯಾಂಪರ್‌ನನ್ನು ಇನ್ನೂ ಜಾಸ್ತಿ ಬೈಯುತ್ತಿದ್ದೆವು. ಆದರೆ ಬಹುಮಾನದ ಬಗ್ಗೆ ಜಗಳ ಆದದ್ದು ನನಗೆ ನೆನಪಿಲ್ಲ. ಲೆಕ್ಕವೆಲ್ಲ ಕಣ್ಣೆದುರೇ ಇತ್ತು.

ಬಹುಮಾನ ಪಂದ್ಯದಿಂದ ಹೊರಗೆ ಕಾಲಿಟ್ಟದ್ದು 2000ದ ದಶಕದ ನಡುವೆ. 2005ರ ಬ್ಯಾಟಲ್‌ಫೀಲ್ಡ್ 2ರಲ್ಲಿ ರ‍್ಯಾಂಕ್ ಏರಿದರೆ ಹೊಸ ಬಂದೂಕು ಬಿಡಿಸಿಕೊಳ್ಳಬಹುದಿತ್ತು. 2007ರ ನವೆಂಬರ್‌ನಲ್ಲಿ ಬಂದ ಕಾಲ್ ಆಫ್ ಡ್ಯೂಟಿ 4 ಅದನ್ನೇ ಆಟದ ಬೆನ್ನೆಲುಬು ಮಾಡಿಕೊಂಡಿತು. ಆಡಿದಷ್ಟೂ ಅಂಕ, ಅಂಕಕ್ಕೆ ಲೆವೆಲ್, ಲೆವೆಲ್‌ಗೆ ಹೊಸ ಬಂದೂಕು, ಹೊಸ ಪರ್ಕ್ ಅಂದರೆ ವಿಶೇಷ ಶಕ್ತಿ. 55ನೇ ಲೆವೆಲ್ ಮುಟ್ಟಿದ ಮೇಲೆ 'ಪ್ರೆಸ್ಟೀಜ್' ಒತ್ತಿದರೆ ಗಳಿಸಿದ್ದೆಲ್ಲ ಹೋಗಿ ಮತ್ತೆ ಒಂದರಿಂದ ಶುರು. ಸಿಗುವುದು ಹೆಸರಿನ ಪಕ್ಕ ಒಂದು ಸಣ್ಣ ಲಾಂಛನ. ಇಷ್ಟಕ್ಕೇ ಜನ ಹತ್ತತ್ತು ಸಲ ಹಾಗೆ ಮಾಡಿದರು. ಮನುಷ್ಯನಿಗೆ ಬಿಲ್ಲೆಯ ಆಸೆ ಎಷ್ಟಿದೆ ಅಂತ ಕಂಪನಿಗಳಿಗೆ ಗೊತ್ತಾದದ್ದು ಆಗಲೇ ಇರಬೇಕು.

ಆದರೆ ಜಗಳವೂ ಅಲ್ಲೇ ಹುಟ್ಟಿತು. ಸಾಯದೆ ಮೂರು ಜನರನ್ನು ಹೊಡೆದರೆ ರೇಡಾರ್, ಐದಕ್ಕೆ ವಿಮಾನ ದಾಳಿ, ಏಳಕ್ಕೆ ಹೆಲಿಕಾಪ್ಟರ್. ಗೆಲ್ಲುತ್ತಿರುವವನಿಗೇ ಇನ್ನಷ್ಟು ಬಲ ಕೊಡುವುದು ಯಾವ ನ್ಯಾಯ? ಹೊಸದಾಗಿ ಸೇರಿದವನು ತಲೆಯೆತ್ತಿದರೆ ಮೇಲೆ ಹೆಲಿಕಾಪ್ಟರ್. 'ಮಾರ್ಟರ್‌ಡಮ್' ಅಂತ ಒಂದು ಪರ್ಕ್ ಇತ್ತು. ಸತ್ತವನ ಕೈಯಿಂದ ಗ್ರೆನೇಡ್ ಉದುರಿ, ಹೊಡೆದವನೂ ಸಾಯುತ್ತಿದ್ದ. ಅದನ್ನು ಬೈಯದವರಿಲ್ಲ. ಆದರೂ ಅದು ಆಟದ ಒಳಗಿನ ತಕರಾರು. ಎಲ್ಲರೂ ಒಂದೇ ಬೆಲೆ ಕೊಟ್ಟು ಡಿಸ್ಕ್ ಕೊಂಡಿದ್ದರು. ಹೊತ್ತು ಹಾಕಿದರೆ ಎಲ್ಲರಿಗೂ ಎಲ್ಲವೂ ಸಿಗುತ್ತಿತ್ತು.

ದುಡ್ಡು ನುಗ್ಗಿದ್ದು ಟೋಪಿಯ ಬಾಗಿಲಿಂದ. 2009ರಲ್ಲಿ ಟೀಮ್ ಫೋರ್ಟ್ರೆಸ್ 2ಕ್ಕೆ ವಾಲ್ವ್ ಒಂದು ಹೊಸ ವ್ಯವಸ್ಥೆ ತಂದಿತು. ಆಡುತ್ತಿರುವಾಗ ಆಗಾಗ ಯಾವುದೋ ಆಯುಧ, ಅಪರೂಪಕ್ಕೆ ಒಂದು ಟೋಪಿ ತಾನಾಗಿ ಉದುರುತ್ತದೆ. ಜನ ಏನು ಮಾಡಿದರು? ಆಡುವುದನ್ನು ಬಿಟ್ಟು, ಆಟ ಓಡುತ್ತಿರುವಂತೆ ತೋರಿಸುವ ಪ್ರೋಗ್ರಾಮ್ ಹಾಕಿ ಮಲಗಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅವರು ಹಾಗೆ ಗಳಿಸಿದ್ದನ್ನೆಲ್ಲ ವಾಲ್ವ್ ಕಿತ್ತುಕೊಂಡಿತು. ಮೋಸ ಮಾಡದವರ ತಲೆಯ ಮೇಲೆ ಒಂದು ಪ್ರಭಾವಳಿ ಇಟ್ಟಿತು! ಅದು ಸಿಕ್ಕಿದವರು 'ನಾವು ಪುಣ್ಯವಂತರು' ಅಂತ ಮೆರೆದರು. ಸಿಗದವರು ಅವರನ್ನು ಹುಡುಕಿ ಹುಡುಕಿ ಹೊಡೆದರು. ಬಹುಮಾನ ಕೊಡುವ ರೀತಿ ಬದಲಾದರೆ ಜನ ಆಡುವ ರೀತಿಯೂ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ತಮಾಷೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮರುವರ್ಷ ಅದೇ ಆಟಕ್ಕೆ ಅಂಗಡಿ ಬಂತು, ಬೀಗ ಹಾಕಿದ ಪೆಟ್ಟಿಗೆ ಬಂತು. ಪೆಟ್ಟಿಗೆ ಪುಕ್ಕಟೆ, ಕೀಲಿಕೈಗೆ ದುಡ್ಡು. 2013ರ ಆಗಸ್ಟ್‌ನಲ್ಲಿ ಇದೇ ಉಪಾಯ ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್‌ಗೂ ಬಂತು. ಬಂದೂಕಿನ ಬಣ್ಣ ಕೊಳ್ಳಬಹುದು, ಮಾರಬಹುದು. ಬಣ್ಣಕ್ಕೆ ಪೇಟೆ ಹುಟ್ಟಿತು, ಪೇಟೆಯ ಬೆನ್ನಿಗೆ ಜೂಜು ಹುಟ್ಟಿತು. ಸ್ಕಿನ್ ಪಣಕ್ಕಿಟ್ಟು ಆಡಿಸುವ ಜಾಲತಾಣಗಳು ಎಷ್ಟು ಹೆಚ್ಚಿದವು ಅಂದರೆ, 2016ರಲ್ಲಿ ವಾಲ್ವ್ ಅಂಥ ತಾಣಗಳಿಗೆ ನೋಟಿಸ್ ಕಳಿಸಬೇಕಾಯಿತು. ಜಾತ್ರೆಯಲ್ಲಿ ರಿಂಗ್ ಎಸೆದು ಸೋಪು ಗೆಲ್ಲುವ ಅಂಗಡಿಯ ಥರ ಇದು. ಆದರೆ ಅಲ್ಲಿ ಸೋಪಾದರೂ ಕಣ್ಣೆದುರು ಇರುತ್ತದೆ.

ಸ್ಫೋಟ ಆದದ್ದು 2017ರ ನವೆಂಬರ್‌ನಲ್ಲಿ. ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟಕ್ಕೆ ಪೂರ್ತಿ ಬೆಲೆ ಕೊಟ್ಟವರಿಗೂ ಡಾರ್ತ್ ವೇಡರ್ ಪಾತ್ರ ಬೀಗದೊಳಗಿತ್ತು. ಬಿಡಿಸಲು 60,000 ಕ್ರೆಡಿಟ್ ಬೇಕು. ಅಷ್ಟು ಗಳಿಸಲು ಸುಮಾರು 40 ಗಂಟೆ ಆಡಬೇಕು ಅಂತ ಆಟಗಾರರೇ ಲೆಕ್ಕ ಹಾಕಿದರು. ಅದರ ಜೊತೆಗೆ ದುಡ್ಡು ಕೊಟ್ಟು ಪೆಟ್ಟಿಗೆ ತೆರೆದರೆ, ಪಂದ್ಯದಲ್ಲಿ ಬಲ ಹೆಚ್ಚಿಸುವ ಕಾರ್ಡು ಸಿಗುತ್ತಿತ್ತು. ಆಟ ತಂದ ಇಎ ಕಂಪನಿ ಸಮಜಾಯಿಷಿ ಕೊಟ್ಟಿತು: ಕಷ್ಟಪಟ್ಟು ಗಳಿಸಿದರೆ ಹೆಮ್ಮೆ ಅನ್ನಿಸಲಿ ಅಂತ ಹೀಗೆ ಮಾಡಿದ್ದು. ಆ ಉತ್ತರಕ್ಕೆ ರೆಡ್ಡಿಟ್‌ನಲ್ಲಿ ಆರು ಲಕ್ಷಕ್ಕೂ ಜಾಸ್ತಿ ಡೌನ್‌ವೋಟ್ (ಹಿಡಿಸಲಿಲ್ಲ ಅನ್ನುವ ಮತ) ಬಿದ್ದವು. ವೇಡರ್ ಬೆಲೆ 15,000ಕ್ಕೆ ಇಳಿಯಿತು. ಬಿಡುಗಡೆಯ ಹಿಂದಿನ ದಿನ ದುಡ್ಡಿನ ಖರೀದಿಯನ್ನೇ ನಿಲ್ಲಿಸಿದರು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ಆಯೋಗ ದುಡ್ಡಿನ ಪೆಟ್ಟಿಗೆಗಳನ್ನು ಜೂಜು ಅಂದಿತು. ಅದಕ್ಕೂ ಮುಂಚೆಯೇ, 2017ರ ಮೇನಿಂದ, ಪೆಟ್ಟಿಗೆಯಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಅಂತ ಪ್ರಕಟಿಸಲೇಬೇಕು ಎಂದು ಚೀನಾ ಕಟ್ಟುಪಾಡು ಮಾಡಿತ್ತು. ಆಪಲ್, ಗೂಗಲ್ ಆಮೇಲೆ ತಮ್ಮ ಆ್ಯಪ್ ಅಂಗಡಿಗಳಲ್ಲೂ ಅದೇ ನಿಯಮ ತಂದವು.

ಪೆಟ್ಟಿಗೆಗೆ ಕೆಟ್ಟ ಹೆಸರು ಬಂದ ಹೊತ್ತಿಗೆ ಸರಿಯಾಗಿ ಪಾಸ್ ಬಂತು. 2017ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಆಟ ಬ್ಯಾಟಲ್ ಪಾಸ್ ತಂದಿತು. ಒಂದು ಸೀಸನ್, ಅಂದರೆ ಗೊತ್ತಾದ ಅವಧಿಗೆ ಕೊಳ್ಳುವ ಪಾಸ್ ಇದು. ಏನೇನು ಸಿಗುತ್ತದೆ ಅಂತ ಮೊದಲೇ ಸಾಲಾಗಿ ತೋರಿಸುತ್ತಾರೆ. ಆಡಿ, ಗಳಿಸಿ. ಪಬ್ಜಿ ಮೊಬೈಲ್ ಇದನ್ನೇ 'ರಾಯಲ್ ಪಾಸ್' ಅಂತ ಮಾಡಿತು. ಅದರಲ್ಲಿ ದುಡ್ಡಿನ ಪಾಸಾದ ಎಲೈಟ್ ಪಾಸಿಗೆ ಶುರುವಿನಲ್ಲಿ 600 ಯೂಸಿ ಇತ್ತು. ಯೂಸಿ ಅಂದರೆ ಆಟದೊಳಗಿನ ನಾಣ್ಯ, ರೂಪಾಯಿ ಕೊಟ್ಟು ಕೊಳ್ಳಬೇಕು. ಪೆಟ್ಟಿಗೆಗೆ ಹೋಲಿಸಿದರೆ ಇದು ನೇರ ವ್ಯವಹಾರ. ಆಟಗಾರರು ಖುಷಿಯಿಂದಲೇ ಒಪ್ಪಿಕೊಂಡರು.

ತೊಂದರೆ ಕಂಡದ್ದು ಆಡುವಾಗ. ಪಾಸಿನ ಲೆವೆಲ್ ಏರಬೇಕಾದರೆ ಮಿಷನ್ ಮುಗಿಸಬೇಕು. ಶಾಟ್‌ಗನ್‌ನಿಂದ ಇಷ್ಟು ಜನರನ್ನು ಹೊಡಿ, ಗಾಡಿಯಲ್ಲಿ ಇಷ್ಟು ದೂರ ಹೋಗು, ಹೀಗೆ. ಎರಾಂಗೆಲ್ ಮ್ಯಾಪಿನಲ್ಲಿ ಕೊನೆಯ ಮೂರು ಸ್ಕ್ವಾಡ್ ಉಳಿದಿವೆ ಅಂತ ಇಟ್ಟುಕೊಳ್ಳಿ. ಝೋನ್, ಅಂದರೆ ಆಡುವ ಜಾಗವನ್ನು ಕಿರಿದು ಮಾಡುವ ವೃತ್ತ, ಹತ್ತಿರವಾಗುತ್ತಿದೆ. ನಿಮ್ಮ ಒಬ್ಬ ಗುಂಡು ತಿಂದು ನಾಕ್ ಆಗಿ ಬಿದ್ದಿದ್ದಾನೆ, ಜೊತೆಯವರು ಬಂದು ಎಬ್ಬಿಸಬೇಕು. "ರಿವೈವ್ ಕೊಡೋ, ಬೇಗ!" ಅಂತ ಕೂಗಿದರೆ ನಾಲ್ಕನೆಯವನು ಬಗ್ಗಿ ಗಾಡಿ ಹತ್ತಿಕೊಂಡು, ಬೆಟ್ಟದ ಆಚೆ ಸುತ್ತುತ್ತಿದ್ದಾನೆ. ಕೇಳಿದರೆ "ಮಿಷನ್ ಉಂಟು, ಇನ್ನು ಸ್ವಲ್ಪ ದೂರ" ಅನ್ನುತ್ತಾನೆ. ಅವನದೂ ತಪ್ಪಲ್ಲ. ಹೋಟೆಲಿನ ಡ್ಯೂಟಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಸೀಸನ್ ಮುಗಿಯುವ ತಾರೀಕು ಹತ್ತಿರ ಬಂದಿದೆ. ಕೊಟ್ಟ ದುಡ್ಡಿನ ಬಾಬ್ತು ವಸೂಲಾಗಬೇಕು. ಆದರೆ ನಾಲ್ಕು ಜನರ ಆಟ ನಾಲ್ಕು ಒಂಟಿ ಆಟವಾಗುತ್ತದೆ. ಪಾಸಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಬೆಲೆ ಅಲ್ಲ, ಅವಧಿ. ಬಿಡುವು ಕಮ್ಮಿ ಇರುವವನಿಗೆ ಅದೇ ಪಾಸ್ ಜಾಸ್ತಿ ದುಬಾರಿ.

ರ‍್ಯಾಂಕಿನ ಕಥೆಯೂ ಹೀಗೇ. ಕೊನೆಯವರೆಗೆ ಉಳಿದರೆ ಅಂಕ ಸಿಗುವುದರಿಂದ, ಟೈರ್ (ರ‍್ಯಾಂಕಿನ ಮೆಟ್ಟಿಲು) ಏರಿಸಬೇಕಾದವರು ಎಲ್ಲೋ ಬಾತ್‌ರೂಮಿನ ಮೂಲೆಯಲ್ಲಿ ಕೂತುಬಿಡುತ್ತಾರೆ. ಕೆಳಗಿನ ಟೈರ್‌ಗಳಲ್ಲಿ ಎದುರಿಗೆ ಬರುವವರಲ್ಲಿ ತುಂಬಾ ಜನ ಬಾಟ್‌ಗಳು, ಅಂದರೆ ಕಂಪ್ಯೂಟರೇ ಆಡಿಸುವ ಗೊಂಬೆಗಳು. ಸುಮ್ನೆ ನಿಂತು ಗುಂಡು ತಿನ್ನುತ್ತವೆ. ಹೊಸಬರಿಗೆ ಅದು ಖುಷಿ, ಹಳಬರಿಗೆ ಅವಮಾನ. ಇನ್ನು 'ಐಪ್ಯಾಡ್ ವ್ಯೂ'. ಫೋನಿಗಿಂತ ಚೌಕಕ್ಕೆ ಹತ್ತಿರವಾದ ಪರದೆಯ ಆಕಾರದಿಂದಾಗಿ ಟ್ಯಾಬ್ಲೆಟ್‌ನಲ್ಲಿ ಆಡುವವನಿಗೆ ಮೇಲೆ-ಕೆಳಗಿನ ಜಾಗ ಹೆಚ್ಚು ಕಾಣುತ್ತದೆ. ಕಂಪನಿ ಇದನ್ನು ಮಾರುತ್ತಿಲ್ಲ, ನಿಜ. ಆದರೆ ಕಂತಿನಲ್ಲಿ ತೆಗೆದ ಫೋನಿನವನಿಗೆ ಸ್ಕಿನ್‌ಗಿಂತ ದೊಡ್ಡ ಅನ್ಯಾಯ ಅನ್ನಿಸುವುದು ಇದೇ.

ನಮ್ಮಲ್ಲಿ ಈ ಮಾತುಗಳಿಗೆ ಜಾಗವೇ ಸಿಗಲಿಲ್ಲ. ಆಟ ಇರಬೇಕೋ ಬೇಡವೋ ಅನ್ನುವುದರಲ್ಲೇ ವರ್ಷಗಳು ಕಳೆದವು. 2019ರ ಜನವರಿಯಲ್ಲಿ ಪಬ್ಜಿ ನಿಷೇಧಿಸಿ ಅಂತ 11 ವರ್ಷದ ಹುಡುಗನೊಬ್ಬನ ಹೆಸರಿನಲ್ಲಿ ಬಾಂಬೆ ಹೈಕೋರ್ಟಿಗೆ ಅರ್ಜಿ ಹೋಯಿತು. ಮರುತಿಂಗಳು ಗೋವಾದ ಆಗಿನ ಐಟಿ ಸಚಿವ ರೋಹನ್ ಖವಂಟೆ ಅದನ್ನು ಮನೆಮನೆಯ ರಾಕ್ಷಸ ಅಂದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್ಜಿ ಮೊಬೈಲ್ ಕೂಡ ಹೋಯಿತು. ಕಾರಣ ಚೀನಾದ ನಂಟು. 2021ರ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಅಂತ ತಂದಿತು, ರಕ್ತಕ್ಕೆ ಹಸಿರು ಬಣ್ಣ ಬಳಿದು. 2022ರ ಜುಲೈ ಕೊನೆಗೆ ಅದೂ ಮಾಯ. 2023ರ ಮೇ 29ಕ್ಕೆ ವಾಪಸ್, ಈ ಸಲ 18 ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಅಂತ ಮಿತಿ ಹಾಕಿ. ಹೀಗೆ ಬಂದು ಹೋಗುವ ಆಟದಲ್ಲಿ ಕೊಂಡ ಸ್ಕಿನ್ ಯಾರದು? ಆ ಹತ್ತು ತಿಂಗಳು ಈ ಪ್ರಶ್ನೆ ಕೇಳಿದವರು ಆಟಗಾರರು ಮಾತ್ರ.

ಪುಣೆಯ ಸೂಪರ್‌ಗೇಮಿಂಗ್ 2024ರ ಅಕ್ಟೋಬರ್‌ನಲ್ಲಿ ಇಂಡಸ್ ಬ್ಯಾಟಲ್ ರಾಯಲ್ ಬಿಟ್ಟಿತು. ಅದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಬಹುಮಾನವಲ್ಲ, ಗೆಲ್ಲುವ ದಾರಿ. ಕೊನೆಯವನಾಗಿ ಉಳಿಯಲೇಬೇಕು ಅಂತಿಲ್ಲ. ಪಂದ್ಯದ ಕೊನೆಯಲ್ಲಿ ಕಾಣಿಸಿಕೊಳ್ಳುವ ಕಾಸ್ಮಿಯಂ ಎಂಬ ವಸ್ತುವನ್ನು ವಶ ಮಾಡಿಕೊಂಡರೂ ಗೆದ್ದಂತೆ. ಮೂಲೆಯಲ್ಲಿ ಅಡಗಿದವನನ್ನು ಬಯಲಿಗೆ ಎಳೆಯಲು ಇದು ಜಾಣ ಉಪಾಯ. ಬೈಗುಳದಿಂದ ಆಗದ್ದನ್ನು ನಿಯಮದಿಂದ ಮಾಡುವ ಪ್ರಯತ್ನ.

ಆಟಗಾರರಿಗೆ ಬೇಕಾದದ್ದು ಇಂಥದ್ದೇ ಅಂತ ಗೆರೆ ಎಳೆದು ಹೇಳುವುದೂ ಕಷ್ಟ. ಓವರ್‌ವಾಚ್ ನೋಡಿ. 2016ರಲ್ಲಿ ಅದರ ಪೆಟ್ಟಿಗೆಗಳನ್ನು ಬೈದರು. 2022ರಲ್ಲಿ ಎರಡನೆಯ ಆಟ ಪೆಟ್ಟಿಗೆ ತೆಗೆದು ಪಾಸ್, ಅಂಗಡಿ ಇಟ್ಟಾಗ "ಪೆಟ್ಟಿಗೆಯೇ ವಾಸಿ" ಅಂದರು. ಆಗ ಆಡಿದರೆ ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ಈಗ ದುಡ್ಡು ಕೇಳುತ್ತಿದ್ದರು. 2025ರ ಫೆಬ್ರವರಿಯಲ್ಲಿ ಪೆಟ್ಟಿಗೆ ವಾಪಸ್ ಬಂತು. ಸಿಗುವ ಸಾಧ್ಯತೆ ಎಷ್ಟು ಅಂತ ಮೊದಲೇ ಹೇಳಿ, ಆಡಿದವರಿಗೆ ಪುಕ್ಕಟೆಯಾಗಿ. ಈ ಸಲ ಅಷ್ಟು ಗಲಾಟೆ ಆಗಲಿಲ್ಲ.

ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಕ್ರೇಟ್ ಅಂತ ಅದರಲ್ಲಿ ಹೆಸರೆತ್ತಿಲ್ಲ. ಬಿಜಿಎಂಐನಲ್ಲಿ ಗೆದ್ದ ಸ್ಕಿನ್ ಅನ್ನು ಆಟದೊಳಗೆ ರೂಪಾಯಿ ಮಾಡಿಕೊಳ್ಳಲು ದಾರಿಯೂ ಇಲ್ಲ. ಹೊರಗೆ ಇದೆ. ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಗ್ಲೇಸಿಯರ್ ಇರುವ ಐಡಿಯನ್ನೇ, ಅಂದರೆ ಆಟದ ಖಾತೆಯನ್ನೇ, ಮಾರುತ್ತಾರೆ. ದುಡ್ಡು ಕೈಸೇರಿದ ಮೇಲೆ, ಹಳೆಯ ಲಾಗಿನ್ ಹಿಡಿದು ಐಡಿಯನ್ನು ವಾಪಸ್ ಎಳೆದುಕೊಳ್ಳುವವರೂ ಇದ್ದಾರೆ. ಕೊಂಡವನು ಕಂಪನಿಗೆ ದೂರು ಕೊಡುವಂತಿಲ್ಲ. ಐಡಿ ಮಾರುವುದೂ ಕೊಳ್ಳುವುದೂ ಆಟದ ನಿಯಮಕ್ಕೆ ವಿರುದ್ಧ.