ಸ್ಯಾಂಗರ್ ಅವರ ಸಂಶೋಧನೆ ಮತ್ತು ಉಲ್ಲೇಖಗಳ ಲೆಕ್ಕ: ಒಂದು ಟಿಪ್ಪಣಿ

ವಿಜ್ಞಾನಿಯೊಬ್ಬರ ಸಾಧನೆಯನ್ನು ಉಲ್ಲೇಖಗಳ, ಅಂದರೆ ಇತರರು ತಮ್ಮ ಪ್ರಬಂಧಗಳಲ್ಲಿ ಅವರ ಪ್ರಬಂಧವನ್ನು ಹೆಸರಿಸಿದ ಸಲಗಳ, ಎಣಿಕೆಯಿಂದ ಅಳೆಯುವುದನ್ನು ಕಲಿಯುವವರಿಗೆ ಬ್ರಿಟನ್ನಿನ ಜೀವರಸಾಯನವಿಜ್ಞಾನಿ ಫ್ರೆಡರಿಕ್ ಸ್ಯಾಂಗರ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1958 ಮತ್ತು 1980ರಲ್ಲಿ, ಎರಡು ಬಾರಿ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂದಿತು. ಆದರೆ ಅವರು ಬರೆದ ಪ್ರಬಂಧಗಳು ಕಡಿಮೆ. ಮೊದಲು ಕೆಲಸವನ್ನು ತಿಳಿದುಕೊಂಡು ಆಮೇಲೆ ಅಂಕಿಗಳ ಕಡೆ ಬರೋಣ.

ಕೇಂಬ್ರಿಜ್‌ನಲ್ಲಿ ಅವರು 1955ರ ಹೊತ್ತಿಗೆ ಇನ್ಸುಲಿನ್ ಎಂಬ ಪ್ರೋಟೀನಿನ 51 ಅಮೈನೊ ಆಮ್ಲಗಳೂ (ಪ್ರೋಟೀನು ಕಟ್ಟುವ ಬಿಡಿ ಘಟಕಗಳು) ಯಾವ ಕ್ರಮದಲ್ಲಿವೆ ಎಂಬುದನ್ನು ಬಿಡಿಸಿಟ್ಟಿದ್ದರು. ಪ್ರತಿಯೊಂದು ಪ್ರೋಟೀನಿಗೂ ಅದರದೇ ಆದ ಖಚಿತ ಅನುಕ್ರಮವಿರುತ್ತದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಹೀಗೆ. ಇಂದು ಈ ಮಾತನ್ನು ಬರೆಯುವವರು ಅಡಿಟಿಪ್ಪಣಿಯಲ್ಲಿ ಸ್ಯಾಂಗರ್ ಹೆಸರನ್ನು ಹಾಕುವುದಿಲ್ಲ. ಅದು ಪಠ್ಯಪುಸ್ತಕಕ್ಕೆ ಸೇರಿಹೋಗಿದೆ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದರು: ಒಂದು ಶೋಧ ಎಲ್ಲರ ಅರಿವಿನೊಳಗೆ ಬೆರೆತಷ್ಟೂ ಅದರ ಮೂಲ ಪ್ರಬಂಧವನ್ನು ಉಲ್ಲೇಖಿಸುವವರು ಕಡಿಮೆಯಾಗುತ್ತಾರೆ. ಪರಿಣಾಮ ಹೆಚ್ಚಿದರೂ ಎಣಿಕೆ ಏರದು.

ಡಿಎನ್‌ಎಯ ಅಕ್ಷರಗಳ ಕ್ರಮವನ್ನು ಓದುವ ವಿಧಾನ ತಿಳಿಸಿದ ಅವರ 1977ರ ಪ್ರಬಂಧದ ಕಥೆಯೇ ಬೇರೆ. ಅದರ ವಿಧಾನವನ್ನು ನಿಧಾನವಾಗಿ ಅರ್ಥಮಾಡಿಕೊಳ್ಳಬೇಕು, ಏಕೆಂದರೆ ಉಲ್ಲೇಖಗಳ ಮಹಾಪೂರಕ್ಕೆ ಕಾರಣ ಅಲ್ಲಿಯೇ ಇದೆ. ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿಯೂ ಒಂದು ನ್ಯೂಕ್ಲಿಯೊಟೈಡ್; ಅವು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಬಗೆಯವು. ಡಿಎನ್‌ಎ ನಕಲಾಗುವಾಗ ಹೊಸ ನ್ಯೂಕ್ಲಿಯೊಟೈಡ್, ಹಿಂದಿನದರ ಸಕ್ಕರೆಯ ಮೂರನೆಯ ಇಂಗಾಲದಲ್ಲಿರುವ ಹೈಡ್ರಾಕ್ಸಿಲ್ ಗುಂಪಿಗೆ ಜೋಡಣೆಯಾಗುತ್ತದೆ. ಸ್ಯಾಂಗರ್ ಬಳಸಿದ ಡೈಡಿಯಾಕ್ಸಿ ಎಂಬ ಮಾರ್ಪಟ್ಟ ನ್ಯೂಕ್ಲಿಯೊಟೈಡಿನಲ್ಲಿ ಆ ಗುಂಪು ಇಲ್ಲ. ಅದು ಸೇರಿದೊಡನೆ ಸರಪಳಿಯ ಬೆಳವಣಿಗೆ ನಿಲ್ಲುತ್ತದೆ. ಮಿಶ್ರಣದಲ್ಲಿ ಎ ಬಗೆಯ ಡೈಡಿಯಾಕ್ಸಿಯನ್ನು ಸ್ವಲ್ಪವೇ ಬೆರೆಸಿದರೆ ಕೆಲವು ಸರಪಳಿಗಳು ಮೊದಲ ಎ ಬಳಿ, ಕೆಲವು ಎರಡನೆಯ ಎ ಬಳಿ, ಹೀಗೆ ಬೇರೆಬೇರೆ ಉದ್ದಕ್ಕೆ ನಿಲ್ಲುತ್ತವೆ. ನಾಲ್ಕು ಅಕ್ಷರಗಳಿಗೆ ನಾಲ್ಕು ನಳಿಕೆಗಳು. ನಾಲ್ಕನ್ನೂ ಜೆಲ್ (ವಿದ್ಯುತ್ತಿನ ಸೆಳೆತದಲ್ಲಿ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಮೆತ್ತನೆಯ ಪದರ) ಮೇಲೆ ಅಕ್ಕಪಕ್ಕ ಓಡಿಸಿದಾಗ ಗಿಡ್ಡ ತುಣುಕು ಹೆಚ್ಚು ದೂರ ಸಾಗುತ್ತದೆ. ಆದ್ದರಿಂದ ಪಟ್ಟೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದರೆ ಅನುಕ್ರಮ ಕೈಗೆ ಬರುತ್ತದೆ. ಎಷ್ಟು ಸೊಗಸಾದ ಯೋಚನೆ!

ಯಾವ ಜೀವಿಯನ್ನು ಅಧ್ಯಯನ ಮಾಡುವವರಿಗೂ ಇದು ಬೇಕಾಯಿತು. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ 100 ಪ್ರಬಂಧಗಳನ್ನು ಪಟ್ಟಿ ಮಾಡಿದಾಗ ಇದು 65 ಸಾವಿರಕ್ಕೂ ಹೆಚ್ಚು ಉಲ್ಲೇಖಗಳೊಂದಿಗೆ ನಾಲ್ಕನೆಯ ಸ್ಥಾನದಲ್ಲಿತ್ತು. ಮೊದಲನೆಯದು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ, ಪ್ರೋಟೀನಿನ ಪ್ರಮಾಣ ಅಳೆಯುವ ವಿಧಾನ. ಅದಕ್ಕೆ 3 ಲಕ್ಷಕ್ಕೂ ಹೆಚ್ಚು. ಎರಡನೆಯದು ಲೆಮ್ಲಿ ಅವರ 1970ರ ಪ್ರಬಂಧ. ಅದರ ಶೀರ್ಷಿಕೆ ಟಿ4 ವೈರಾಣುವಿನ ತಲೆಯ ಜೋಡಣೆಯ ಕುರಿತದ್ದು, ಆದರೆ ಜನ ಉಲ್ಲೇಖಿಸುವುದು ಅವರು ಬಳಸಿದ ಜೆಲ್ ವಿಧಾನವನ್ನು. ಡಿಎನ್‌ಎ ಜೋಡಿಸುರುಳಿಯನ್ನು ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧಕ್ಕೆ ಆ ನೂರರಲ್ಲಿ ಜಾಗವಿರಲಿಲ್ಲ. ನನ್ನ ಮಟ್ಟಿಗೆ ಈ ಹೋಲಿಕೆಯೊಂದು ಸಾಕು: ಉಲ್ಲೇಖಸಂಖ್ಯೆ ಮುಖ್ಯವಾಗಿ ಬಳಕೆಯನ್ನು ಅಳೆಯುತ್ತದೆ, ಚಿಂತನೆಯ ಆಳವನ್ನಲ್ಲ.

ಇನ್ನು ಎಚ್ ಸೂಚ್ಯಂಕ: ಒಬ್ಬರ ಎಷ್ಟು ಪ್ರಬಂಧಗಳಿಗೆ ಕನಿಷ್ಠ ಅಷ್ಟೇ ಸಂಖ್ಯೆಯ ಉಲ್ಲೇಖಗಳಿವೆಯೋ ಆ ಅತಿ ದೊಡ್ಡ ಸಂಖ್ಯೆ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಇದನ್ನು ಮುಂದಿಟ್ಟದ್ದು 2005ರಲ್ಲಿ. ಆರು ಪ್ರಬಂಧಗಳಿಗೆ 90, 40, 12, 6, 5, 3 ಉಲ್ಲೇಖಗಳಿವೆ ಎನ್ನಿ. ಕನಿಷ್ಠ 5 ಉಲ್ಲೇಖ ಪಡೆದ ಪ್ರಬಂಧಗಳು ಐದು, ಸೂಚ್ಯಂಕ 5. ಈಗ 90ರ ಜಾಗದಲ್ಲಿ 65,000 ಎಂದು ಬರೆಯಿರಿ. ಸೂಚ್ಯಂಕ ಆಗಲೂ 5! ಕಡಿಮೆ ಬರೆದು ಹೆಚ್ಚು ಬದಲಿಸಿದವರಿಗೆ ಈ ಅಳತೆ ನ್ಯಾಯ ಒದಗಿಸುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೂ ಒಂದು ಪತ್ರಿಕೆಯ ಪ್ರಬಂಧಗಳಿಗೆ ಬರುವ ಉಲ್ಲೇಖಗಳ ಸರಾಸರಿ. ಅದನ್ನು ವ್ಯಕ್ತಿಗೆ ಅಂಟಿಸಲೇಬಾರದು.

ಪ್ರಬಂಧದಲ್ಲಿ ಲೇಖಕರ ಹೆಸರುಗಳ ಕ್ರಮವನ್ನೂ ಗಮನಿಸಿ. ಜೀವವಿಜ್ಞಾನದಲ್ಲಿ ಹೆಚ್ಚಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ತಂಡದ ಮುಖ್ಯಸ್ಥರದು. ಮಾನವನ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎಯ 16,569 ಅಕ್ಷರಗಳ ಅನುಕ್ರಮವನ್ನು ಪ್ರಕಟಿಸಿದ 1981ರ ಪ್ರಬಂಧದಲ್ಲಿ 14 ಲೇಖಕರಿದ್ದಾರೆ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಮೊದಲ ಹೆಸರು ಆಂಡರ್ಸನ್, ಕೊನೆಯದು ಯಂಗ್. ಸ್ಯಾಂಗರ್ ಹತ್ತನೆಯವರು. ಮೊದಲ ಮತ್ತು ಕೊನೆಯ ಹೆಸರಿಗೆ ಮಾತ್ರ ಅಂಕ ಕೊಡುವ ಪದ್ಧತಿಯಲ್ಲಿ, ಅವರದೇ ವಿಧಾನದಿಂದ ಅವರದೇ ತಂಡ ಮಾಡಿದ ಈ ಕೆಲಸಕ್ಕೆ ಅವರಿಗೆ ಸಿಗುವುದು ಸೊನ್ನೆ.