ಮೆಸೇಜಲ್ಲಿ ಬಂದ ಅಗ್ರಿಮೆಂಟಿಗೆ ಫೋನಲ್ಲೇ ಸೈನ್ ಹಾಕಿದ್ರೆ ನಡೆಯುತ್ತಾ?

ಪ್ರಶ್ನೆ: ಒಂದು ಕೆಲಸದ ಕಾಂಟ್ರ್ಯಾಕ್ಟು ಫೋನಿಗೆ ಲಿಂಕ್ ಆಗಿ ಬಂದಿದೆ, ಓಪನ್ ಮಾಡಿ ಬೆರಳಲ್ಲೇ ಸೈನ್ ಮಾಡಿ ಅಂತಿದಾರೆ. ನಾನು ಸದ್ಯಕ್ಕೆ "ಓಕೆ" ಅಂತ ರಿಪ್ಲೈ ಹಾಕಿ ಸುಮ್ನಿದೀನಿ. ಪೇಪರ್ ಇಲ್ಲ, ಪೆನ್ ಇಲ್ಲ, ಇದಕ್ಕೆಲ್ಲ ಏನಾದ್ರೂ ಬೆಲೆ ಇದೆಯಾ?

ಇದೆ. ಬೆರಳಲ್ಲಿ ಗೀಚೋ ಆ ಸೈನಿಗೆ ಮಾತ್ರ ಅಲ್ಲ, ನೀವು ಆಗ್ಲೇ ಕಳಿಸಿಬಿಟ್ಟಿರೋ "ಓಕೆ"ಗೂ ಇರಬಹುದು, ಅದಕ್ಕೇ ಮೊದಲು ಅದರ ಕಥೆ ಹೇಳ್ತೀನಿ.

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯ, 2021ರ ಮಾರ್ಚ್. ಧಾನ್ಯ ಕೊಳ್ಳೋ ಒಂದು ಕಂಪನಿಯವರು ಒಬ್ಬ ರೈತನಿಂದ 86 ಟನ್ ಅಗಸೆ ತಗೊಳ್ಳೋಕೆ ಕಾಂಟ್ರ್ಯಾಕ್ಟ್ ರೆಡಿ ಮಾಡಿ, ತಾವು ಇಂಕಲ್ಲಿ ಸೈನ್ ಹಾಕಿ, ಅದರ ಫೋಟೋ ಹೊಡೆದು ಮೆಸೇಜ್ ಮಾಡಿ, ಅಗಸೆ ಕಾಂಟ್ರ್ಯಾಕ್ಟ್ ಕನ್ಫರ್ಮ್ ಮಾಡಿ ಅಂದ್ರು. ರೈತ ಹೆಬ್ಬೆರಳು ಎತ್ತಿರೋ ಇಮೋಜಿ ಒಂದನ್ನ ಕಳಿಸಿದ, ಅಷ್ಟೇ. ನವೆಂಬರ್ ಬಂತು, ಮಾಲು ಬರಲಿಲ್ಲ, ಅಷ್ಟರಲ್ಲಿ ಅಗಸೆ ರೇಟು ಏರಿಬಿಟ್ಟಿತ್ತು, ಕಂಪನಿ ಕೋರ್ಟಿಗೆ ಹೋಯ್ತು. ಫೋಟೋ ತಲುಪಿತು ಅನ್ನೋಕೆ ಇಮೋಜಿ ಹಾಕಿದ್ದು, ಒಪ್ಪಿದೀನಿ ಅಂತಲ್ಲ ಅನ್ನೋದು ರೈತನ ವಾದ. ಆದ್ರೆ ಹಳೇ ಮೆಸೇಜ್ ತೆಗೆದು ನೋಡಿದ್ರೆ ಹಿಂದಿನ ಕಾಂಟ್ರ್ಯಾಕ್ಟುಗಳಿಗೂ ಈತ ಹಿಂಗೇ "ಓಕೆ", "ಹೂಂ", "ಚೆನ್ನಾಗಿದೆ" ಅನ್ನೋ ಥರ ಒಂದೆರಡು ಪದ ಕಳಿಸಿ, ಅದರ ಮೇಲೇ ಮಾಲು ಕೊಟ್ಟು ದುಡ್ಡು ಎಣಿಸಿಕೊಂಡಿದ್ದ. 2023ರ ಜೂನಲ್ಲಿ ಜಡ್ಜು ಆ ಇಮೋಜಿನೇ ಸೈನು ಅಂತ ತೀರ್ಪು ಕೊಟ್ರು, ರೈತ 82,000 ಕೆನಡಾ ಡಾಲರಿಗೂ ಮೇಲೆ ಕಟ್ಟಬೇಕಾಯ್ತು. ಅಪೀಲಿಗೆ ಹೋದ, 2024ರ ಡಿಸೆಂಬರಲ್ಲಿ ಅಲ್ಲೂ ಸೋತ, ಆದ್ರೆ ಮೂವರು ಜಡ್ಜಲ್ಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಹೆಬ್ಬೆಟ್ಟು ಒತ್ತೋದು ಅಂದ್ರೆ ನಮಗೇನು ಹೊಸದಲ್ಲ ಬಿಡಿ, ಈಗ ಅದಕ್ಕೆ ಹಳದಿ ಬಣ್ಣ ಬಂದಿದೆ.

ಹಂಗಂತ ಎಲ್ಲ ಇಮೋಜಿನೂ ಕಾಂಟ್ರ್ಯಾಕ್ಟ್ ಅಲ್ಲ. ಅಲ್ಲಿ ಆತನನ್ನ ಕೆಡಿಸಿದ್ದು ಇಮೋಜಿಗಿಂತ ಹೆಚ್ಚಾಗಿ ಹಳೇ ರೂಢಿ. ಕಾನೂನಿಗೆ ಸೈನ್ ಅಂದ್ರೆ ಅಕ್ಷರದ ಅಂದಚಂದ ಅಲ್ಲ, "ಇದನ್ನ ಓದಿದೀನಿ, ನನಗೆ ಒಪ್ಪಿಗೆ" ಅಂತ ತೋರಿಸೋ ಒಂದು ಗುರುತು. ಆ ಗುರುತು ಇಂಕಲ್ಲೇ ಇರಬೇಕು ಅಂತ ಬಹುಪಾಲು ದೇಶಗಳು ಈಗ ಕೇಳಲ್ಲ. ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗ 1996ರಲ್ಲೇ ಒಂದು ಮಾದರಿ ಕಾನೂನು ಮಾಡಿ, ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಯಾವ ದಾಖಲೆನೂ ತಳ್ಳಿಹಾಕಬಾರದು ಅಂತ ಹೇಳಿತ್ತು, ಅಮೆರಿಕದ ಇ-ಸೈನ್ ಕಾಯ್ದೆ 2000ರಲ್ಲಿ ಬಂತು, ಅದೇ ವರ್ಷ ಭಾರತದ ಐಟಿ ಕಾಯ್ದೆನೂ ಬಂತು, ಆಮೇಲೆ ಅದಕ್ಕೆ 10ಎ ಅಂತ ಒಂದು ಸೆಕ್ಷನ್ ಸೇರಿಸಿ ಎಲೆಕ್ಟ್ರಾನಿಕ್ ಆಗಿ ಆದ ಒಪ್ಪಂದನೂ ಒಪ್ಪಂದನೇ ಅಂತ ಬಾಯಿಬಿಟ್ಟು ಹೇಳಿದ್ರು. ವಿಲ್ಲು, ದತ್ತು, ಡೈವೋರ್ಸ್ ಥರದ್ದನ್ನ ಅಮೆರಿಕದ ಕಾಯ್ದೆ ಹೊರಗಿಟ್ಟಿದೆ, ಬೇರೆ ಕಡೆನೂ ಇಂಥ ಪಟ್ಟಿ ಇರುತ್ತೆ, ದೊಡ್ಡ ಆಸ್ತಿ ವ್ಯವಹಾರ ಆದ್ರೆ ನಿಮ್ಮ ವಕೀಲರನ್ನ ಒಂದು ಮಾತು ಕೇಳಿಬಿಡಿ. ಮಾಮೂಲಿ ಕೆಲಸದ ಕಾಂಟ್ರ್ಯಾಕ್ಟು, ಬಾಡಿಗೆಗೆ ಸಾಮಾನು ತಗೊಳ್ಳೋದು, ಸರ್ವಿಸ್ ಅಗ್ರಿಮೆಂಟು, ಇವಕ್ಕೆಲ್ಲ ಸಾಮಾನ್ಯವಾಗಿ ತೊಂದರೆ ಇಲ್ಲ.

ಸರಿ, ಲಿಂಕ್ ಯಾಕೆ, ಅಗ್ರಿಮೆಂಟನ್ನೇ ಮೆಸೇಜಲ್ಲಿ ಕಳಿಸಬಾರದಾ? ಜಾಗ ಸಾಲಲ್ಲ. ಒಂದು ಎಸ್ಸೆಮ್ಮೆಸ್ ಅಂದ್ರೆ 140 ಬೈಟು, ಇಂಗ್ಲಿಷಲ್ಲಿ 160 ಅಕ್ಷರ ಹಿಡಿಯುತ್ತೆ, ಕನ್ನಡದಲ್ಲಾದ್ರೆ 70ಕ್ಕೇ ಮುಗೀತು, ಅದೂ ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ! ಅದಕ್ಕೇ ಅಗ್ರಿಮೆಂಟ್ ಬೇರೆ ಸರ್ವರಲ್ಲಿ ಕೂತಿರುತ್ತೆ, ನಿಮಗೆ ಬರೋದು ಅಲ್ಲಿಗೆ ಹೋಗೋ ದಾರಿ. ನೀವು ತೆಗೀತೀರ, ಒಟಿಪಿ ಹಾಕ್ತೀರ, ಬೆರಳಲ್ಲಿ ಏನೋ ಗೀಚ್ತೀರ (ನಂದಂತೂ ಯಾವಾಗ್ಲೂ ಕಾಗೆಕಾಲು ಗುಬ್ಬಿಕಾಲು, ಬ್ಯಾಂಕಲ್ಲಿರೋ ಸೈನಿಗೂ ಅದಕ್ಕೂ ಸಂಬಂಧನೇ ಇಲ್ಲ). ಅದು ಚೆನ್ನಾಗಿ ಬರಲಿಲ್ಲ ಅಂತ ತಲೆ ಕೆಡಿಸ್ಕೋಬೇಡಿ. ನಿಜವಾದ ಕೆಲಸ ಹಿಂದುಗಡೆ ನಡೀತಿರುತ್ತೆ: ಯಾವ ನಂಬರಿಗೆ ಲಿಂಕ್ ಹೋಯ್ತು, ಎಷ್ಟು ಗಂಟೆಗೆ ತೆಗೆದ್ರು, ಯಾವ ಐಪಿ ಅಡ್ರೆಸ್ಸು (ಇಂಟರ್ನೆಟ್ಟಲ್ಲಿ ನಿಮ್ಮ ಕನೆಕ್ಷನ್ನಿನ ನಂಬರು), ಒಟಿಪಿ ಸರಿ ಹೋಯ್ತಾ, ಎಲ್ಲ ಬರೆದಿಟ್ಟುಕೊಂಡು ಕೊನೆಗೆ ಇಡೀ ಪಿಡಿಎಫ್‌ಗೆ ಹ್ಯಾಶ್ ಅಂತ ಒಂದು ಉದ್ದದ ಸಂಖ್ಯೆ ಲೆಕ್ಕ ಹಾಕಿ ಸೀಲ್ ಮಾಡ್ತಾರೆ. ಆಮೇಲೆ ಯಾರಾದ್ರೂ ಒಂದು ಸೊನ್ನೆ ಸೇರಿಸಿದ್ರೂ, ಒಂದು ಕಾಮಾ ತೆಗೆದ್ರೂ ಆ ಸಂಖ್ಯೆ ಪೂರ್ತಿ ಬದಲಾಗಿ ಕಳ್ಳತನ ಸಿಕ್ಕಿಬೀಳುತ್ತೆ. ಪೇಪರಲ್ಲಿ ಮಧ್ಯದ ಹಾಳೆ ಬದಲಾಯಿಸಿದ್ರೆ ಇಷ್ಟು ಸುಲಭಕ್ಕೆ ಗೊತ್ತಾಗಲ್ಲ, ಹಾಗಾಗಿ ಸರಿಯಾಗಿ ಮಾಡಿದ್ರೆ ಫೋನ್ ಸೈನೇ ಗಟ್ಟಿ ಅಂತ ನನ್ನ ಅಭಿಪ್ರಾಯ.

ಸರಿಯಾಗಿ ಮಾಡದೇ ಇದ್ರೆ? ಅಲ್ಲೇ ಇರೋದು ತಕರಾರು. ಬರೀ ಫೋಟೋ ಕಳಿಸಿ ಓಕೆ ತಗೊಂಡ್ರೆ ಅದೂ ಒಪ್ಪಂದ ಆಗಬಹುದು, ಆದ್ರೆ ನಾಳೆ "ಆ ಫೋನ್ ನನ್ನ ಹತ್ರ ಇರಲಿಲ್ಲ", "ಎರಡನೇ ಪೇಜ್ ಓದೋಕೇ ಆಗ್ತಿರಲಿಲ್ಲ" ಅಂತ ಶುರುವಾದ್ರೆ ಪ್ರೂವ್ ಮಾಡೋಕೆ ಬೆವರು ಇಳಿಯುತ್ತೆ. ಎಲೆಕ್ಟ್ರಾನಿಕ್ ಸೈನಿಗೆ ಅಂತಿರೋ ಯುರೋಪಿನ ಐಡಾಸ್ ನಿಯಮದಲ್ಲಿ (2014ರಲ್ಲಿ ಆಯ್ತು, 2016ರ ಜುಲೈಯಿಂದ ಜಾರಿ) ಇದಕ್ಕೇ ಮೂರು ಮೆಟ್ಟಿಲು ಇದೆ, ಬೆರಳಲ್ಲಿ ಗೀಚಿದ್ದು ಕೆಳಗಿನ ಮೆಟ್ಟಿಲು, ಕೈಯಲ್ಲಿ ಹಾಕಿದ ಸೈನಿಗೆ ಪೂರ್ತಿ ಸಮ ಅಂತ ಒಪ್ಪೋದು ಮೇಲಿನ ಮೆಟ್ಟಿಲನ್ನ ಮಾತ್ರ, ಅದಕ್ಕೆ ಗುರುತು ಪರಿಶೀಲಿಸಿ ಕೊಟ್ಟ ಡಿಜಿಟಲ್ ಸರ್ಟಿಫಿಕೇಟ್ ಬೇಕು. ಕೆಳಗಿನ ಮೆಟ್ಟಿಲಲ್ಲಿ ಇರೋದು ಅಸಿಂಧು ಅಂತಲ್ಲ, ಜಗಳ ಬಂದ್ರೆ ಸಾಬೀತು ಮಾಡೋ ಹೊರೆ ಜಾಸ್ತಿ ಅಷ್ಟೇ.

ಇನ್ನೊಂದು, ಎಸ್ಸೆಮ್ಮೆಸ್ ಅನ್ನೋದು ಅಷ್ಟೇನೂ ಭದ್ರ ಅಲ್ಲ. ಈ ಕಡೆಯಿಂದ ಆ ಕಡೆಗೆ ಪೂರ್ತಿ ಎನ್‌ಕ್ರಿಪ್ಟ್ ಆಗಿ, ಅಂದ್ರೆ ಮಧ್ಯೆ ಯಾರೂ ಓದೋಕಾಗದ ಗುಪ್ತ ರೂಪದಲ್ಲಿ, ಹೋಗಲ್ಲ, ಮತ್ತೆ ನಿಮ್ಮ ನಂಬರನ್ನ ಬೇರೆ ಸಿಮ್ಮಿಗೆ ಹಾಕಿಸ್ಕೊಂಡು ಒಟಿಪಿ ಕದಿಯೋ ಕಳ್ಳರಿದಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಎಸ್ಸೆಮ್ಮೆಸ್ ಒಟಿಪಿನ "ನಿರ್ಬಂಧಿತ" ಪಟ್ಟಿಗೆ ಸೇರಿಸ್ತು. ಹಾಗಾಗಿ ಲಿಂಕ್ ಬಂದ ತಕ್ಷಣ ಒತ್ತಬೇಡಿ, ಮೆಸೇಜಲ್ಲಿರೋ ನಂಬರಿಗಲ್ಲ, ನಿಮಗೆ ಮೊದಲಿಂದ ಗೊತ್ತಿರೋ ನಂಬರಿಗೆ ಫೋನ್ ಮಾಡಿ "ನೀವೇ ಕಳಿಸಿದ್ದಾ" ಅಂತ ಕೇಳಿ. ಒಟಿಪಿನ "ನಾವೇ ಹಾಕ್ಕೋತೀವಿ, ಹೇಳಿಬಿಡಿ" ಅಂದ್ರೆ ಖಂಡಿತ ಹೇಳಬೇಡಿ, ಇಲ್ಲಿ ಒಟಿಪಿನೇ ನಿಮ್ಮ ಪೆನ್ನು, ಅದನ್ನ ಕೊಟ್ಟ ಮೇಲೆ ಅವರು ಎಲ್ಲಿ ಬೇಕಾದ್ರೂ ಸೈನ್ ಹಾಕ್ಕೋತಾರೆ.

ಓದೋದಂತೂ ಫೋನಲ್ಲಿ ಓದಬೇಡಿ. ನಾನೇ ಒಂದ್ಸಲ ನಿಂತ ಜಾಗದಲ್ಲೇ ಸರ ಸರ ಅಂತ ಸ್ಕ್ರೋಲ್ ಮಾಡಿ ಸೈನ್ ಒತ್ತಿ, ಆಮೇಲೆ ಮನೆಗೆ ಬಂದು ದೊಡ್ಡ ಸ್ಕ್ರೀನಲ್ಲಿ ನೋಡಿದ್ರೆ ಕೆಲಸ ಬಿಡೋಕೆ ಒಂದು ತಿಂಗಳ ನೋಟೀಸ್ ಅಂತ ಮಾತಾಡಿದ್ದು ಮೂರು ತಿಂಗಳು ಅಂತ ಕೂತಿತ್ತು, ಯಾರನ್ನ ಬೈಯೋದು ಹೇಳಿ. ಸೈನ್ ಆದ್ಮೇಲೆ ಪೂರ್ತಿ ಪಿಡಿಎಫ್, ಅದರ ಜೊತೆ ಬರೋ, ಯಾರು ಯಾವಾಗ ಸೈನ್ ಮಾಡಿದ್ರು ಅಂತ ಬರೆದಿರೋ ಸರ್ಟಿಫಿಕೇಟ್ ಪೇಜು, ಎರಡನ್ನೂ ಅವತ್ತೇ ಇಳಿಸಿಕೊಳ್ಳಿ, ಲಿಂಕ್ ಕೆಲವು ದಿನಕ್ಕೆ ಸತ್ತುಹೋಗಬಹುದು. ಮಾತುಕತೆ ಚಾಟಲ್ಲಿ ಆಗಿದ್ರೆ ತಾನಾಗೇ ಅಳಿಸಿಹೋಗೋ ಸೆಟ್ಟಿಂಗ್ ಆಫ್ ಇದೆಯಾ ನೋಡಿ, ಮತ್ತೆ ಬರೀ ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ, ಅದನ್ನ ತಿದ್ದೋದು ಮಕ್ಕಳಾಟ, ಇಡೀ ಚಾಟನ್ನೇ ಎಕ್ಸ್‌ಪೋರ್ಟ್ ಮಾಡಿ ಇಡಿ.

ಈಗ ನಿಮ್ಮ ಆ "ಓಕೆ" ವಿಷ್ಯ. ಸೈನ್ ಮಾಡಿ ಅಂತ ಅವರೇ ಪ್ರತ್ಯೇಕವಾಗಿ ಕೇಳಿರೋದ್ರಿಂದ ಆ ಓಕೆನ ಬರೀ "ನೋಡ್ತೀನಿ" ಅಂತ ಅನ್ನೋಕೆ ನಿಮಗೆ ಒಳ್ಳೇ ಆಧಾರ ಇದೆ, ಆದ್ರೂ ಹಂಗೇ ಬಿಡಬೇಡಿ. ಇವತ್ತೇ ಅದರ ಕೆಳಗೆ ಇನ್ನೊಂದು ಮೆಸೇಜ್ ಹಾಕಿ: "ಲಿಂಕ್ ತಲುಪಿದೆ ಅನ್ನೋಕಷ್ಟೇ ಓಕೆ ಅಂದಿದ್ದು. ಇನ್ನೂ ಓದಿಲ್ಲ. ಓದಿ, ಒಪ್ಪಿಗೆ ಆದ್ರೆ ಸೈನ್ ಮಾಡ್ತೀನಿ, ಅಲ್ಲಿವರೆಗೆ ಯಾವುದೂ ಫೈನಲ್ ಅಲ್ಲ." ಅದಕ್ಕೆ ಅವರು ಹೆಬ್ಬೆರಳು ಎತ್ತಿ ಕಳಿಸಿದ್ರೆ ಅದನ್ನೂ ಅಳಿಸದೇ ಇಟ್ಕೊಳ್ಳಿ.